ಡ್ರೈವರ್ ಮಂಚಯ್ಯನ ಎಚ್‌ಡಿಆರ್ ಟೀವಿ

ಭಾನುವಾರ ಬೆಳಗ್ಗೆ ಎಂಟೂಕಾಲಿಗೆ ಮಂಚಯ್ಯ ಸುರಂಗದ ಗೋಡೆಗೆ ಗುದ್ದಿದ. ಆ ಬೆಳಗಿನ ಹನ್ನೊಂದನೆಯ ಗುದ್ದು ಅದು.

ಗುದ್ದಿದ್ದು ಟೀವಿಯೊಳಗಿನ ಕೆಂಪು ಕಾರು. ಮಾನ ಹೋದದ್ದು ಹೊಳೆನರಸೀಪುರದ ಮನೆಯ ಹಜಾರದಲ್ಲಿ ಚಾಪೆಯ ಮೇಲೆ ಕೂತಿದ್ದ ಮಂಚಯ್ಯನದು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಖಾಸಗಿ ಬಸ್ಸನ್ನು ಅವನು ಇಪ್ಪತ್ತೆಂಟು ವರ್ಷದಿಂದ ಓಡಿಸುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ಕೋಳಿಯ ರೆಕ್ಕೆಗೂ ಅವನ ಚಕ್ರ ತಾಗಿರಲಿಲ್ಲ. ಸಂತೆಯ ದಿನ ಟಾಪಿನ ಮೇಲೆ ಟೊಮೆಟೊ ಕ್ರೇಟು, ಫುಟ್‌ಬೋರ್ಡಿನ ಮೇಲೆ ಕಾಲೇಜು ಹುಡುಗರು, ಬಾನೆಟ್ಟಿನ ಮೇಲೆ ಯಾರದೋ ಕೂಸು ಇದ್ದಾಗಲೂ ಬಸ್ಸು ತೊಟ್ಟಿಲಿನ ಹಾಗೆ ಹೋಗುತ್ತಿತ್ತು. ಅಂಥವನು ಹದಿನೈದು ದಿನದಿಂದ ಒಂದೇ ಸುರಂಗದ ಒಂದೇ ಗೋಡೆಗೆ ಗುದ್ದುತ್ತ ಬಂದಿದ್ದ.

ಮೈಸೂರಿನಲ್ಲಿದ್ದ ಅವನ ತಮ್ಮ ಭೀಮ ಹೊಸ ಗೇಮ್ ಪೆಟ್ಟಿಗೆ ತೆಗೆದುಕೊಂಡು, ಹಳೆಯದನ್ನು ಅಣ್ಣನ ಮಗಳು ಕವನಾಳಿಗೆ ಕೊಟ್ಟಿದ್ದ. ಕವನಾ ಎರಡು ದಿನ ಆಡಿ, ಬೇಸರವಾಗಿ, ತನ್ನ ಎಂ.ಕಾಂ ಪುಸ್ತಕಕ್ಕೆ ಮರಳಿದಳು. ಮೂರನೆಯ ದಿನ 'ಒಂದ್ ರೌಂಡ್ ನೋಡಾನ' ಎಂದು ಕೂತ ಅಪ್ಪ ಇನ್ನೂ ಎದ್ದಿರಲಿಲ್ಲ.

ಹನ್ನೊಂದನೆಯ ಗುದ್ದು ಬೀಳುವುದಕ್ಕೂ ಪಕ್ಕದ ಮನೆಯ ಈಶ್ವರಯ್ಯ ಮೇಷ್ಟ್ರು ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ನಿವೃತ್ತ ಗಣಿತದ ಮೇಷ್ಟ್ರು. ಪ್ರತಿ ಭಾನುವಾರ ಮಂಚಯ್ಯನ ಮನೆಯ ಪೇಪರು ಓದಿ, ಅವನ ಮನೆಯ ಕಾಫಿ ಕುಡಿದು, ಅವನ ಸಂಸಾರಕ್ಕೆ ಎರಡು ಬುದ್ಧಿಮಾತು ಹೇಳಿ ಹೋಗುವುದು ಅವರು ತಮಗೆ ತಾವೇ ಹಾಕಿಕೊಂಡಿದ್ದ ಡ್ಯೂಟಿ.

"ಏನಯ್ಯಾ ಮಂಚಯ್ಯ, ಹದಿನೈದು ದಿನಕ್ಕೊಂದ್ ಸಲ ಅರಕಲಗೂಡಿಗೆ ಮಗಳ ಮನೆಗೆ ನಿನ್ನ ಬಸ್ಸಲ್ಲೇ ಕಣಪ್ಪ ನಾನು ಓಗೋದು. ದಾರೀಲಿ ಎಲ್ಲಾದ್ರೂ ಸುರಂಗ ಕಟ್ಸಿದ್ರೆ ಮದ್ಲೇ ಏಳ್ಬುಡು, ಇಳ್ಕಂಬುಡ್ತೀನಿ."

ಮಂಚಯ್ಯನ ಕಿವಿ ಇಂಜಿನ್ನಿನಂತೆ ಕಾದವು. "ಗೋಡೆ ಕಂಡ್ರೆ ತಾನೆ ಮೇಷ್ಟ್ರೇ ತಪ್ಸೋದು? ಈ ದರಿದ್ರ ಟೀವೀಲಿ ಸುರಂಗದೊಳಕ್ಕೆ ಓದ್ರೆ ತಲೆ ಮ್ಯಾಲೆ ಕರೀ ಕಂಬ್ಳಿ ಕವುಚ್ದಂಗಾಯ್ತದೆ. ಆಚೆಗ್ ಬಂದ್ರೆ ಬಿಸ್ಲು ಕಣ್ಗೆ ರಾಚ್ತದೆ. ನಾನು ಈಗ ತಿರುಗ್ಸಿದ್ರೆ ಕಾರು ಕೂತು ಯೋಚ್ನೆ ಮಾಡಿ ಆಮ್ಯಾಕೆ ತಿರುಗ್ತದೆ!"

"ಕುಣಿಯಾಕ್ ಬರ್ದಿರೋರೆಲ್ಲ ಇಂಗೇ ಅಂಗಳದ ಮ್ಯಾಲೆ ಏಳ್ತಾರೆ ಕಣಯ್ಯ," ಎಂದು ಮೇಷ್ಟ್ರು ನಕ್ಕರು. "ಇರ್ಲಿ, ನಾಳೆ ಬಸ್ಸಲ್ಲಿ ಎಲ್ರಿಗೂ ಏಳ್ತೀನಿ. ಹನ್ನೊಂದು ಆಕ್ಸಿಡೆಂಟು, ಒಂದೇ ಬೆಳಗ್ಗೆ!"

ಮೇಷ್ಟ್ರು ಹೇಳುತ್ತೇನೆಂದರೆ ಹೇಳಿಯೇ ಬಿಡುವವರು. ತಾನು ಸ್ಟೇರಿಂಗ್ ಹಿಡಿದು ಕೂತಿರುವಾಗ ಹಿಂದಿನ ಐವತ್ತು ಸೀಟೂ ಕಿಸಕ್ಕೆಂದು ನಗುವುದು ಮಂಚಯ್ಯನ ಕಣ್ಣ ಮುಂದೆ ಬಂತು.

ಒಳಗಿನಿಂದ ಕವನಾ ಪುಸ್ತಕ ಹಿಡಿದೇ ಬಂದಳು. "ಅಪ್ಪ ಹೇಳೋದ್ರಲ್ಲಿ ಸ್ವಲ್ಪ ನಿಜ ಐತೆ ಮೇಷ್ಟ್ರೇ. ಈ ಹಳೇ ಟೀವೀಲಿ ಎಚ್‌ಡಿಆರ್ ಇಲ್ಲ. ಅದಿದ್ರೆ ಕತ್ತಲಲ್ಲಿರೋದೂ ಕಾಣುತ್ತೆ, ಬೆಳಕಲ್ಲಿರೋದೂ ಕಾಣುತ್ತೆ. ಒಂದನ್ನ ಇನ್ನೊಂದು ನುಂಗಲ್ಲ. ಗೇಮ್ ಮೋಡ್ ಇರೋ ಟೀವಿಯಾದ್ರೆ ಕಾರೂ ತಡಮಾಡ್ದೆ ತಿರುಗುತ್ತೆ."

'ಸ್ವಲ್ಪ ನಿಜ' ಎಂಬುದರಲ್ಲಿ ಮಂಚಯ್ಯ 'ನಿಜ'ವನ್ನಷ್ಟೇ ಕೇಳಿಸಿಕೊಂಡ. ಎದ್ದು ನಿಂತ. "ಕೇಳುದ್ರಾ ಮೇಷ್ಟ್ರೇ? ಎಂ.ಕಾಂ ಓದ್ತಿರೋಳು ಏಳ್ತಾವ್ಳೆ. ತಪ್ಪು ಡ್ರೈವರ್‌ದಲ್ಲ, ಗಾಡೀದು! ಇವತ್ತೇ ಆಸನಕ್ಕೋಗಿ ಒಸ ಟೀವಿ ತತ್ತೀನಿ. ಸಾಯಂಕಾಲ ನಿಮ್ ಎದುರ್ಗೇ ಆ ಸುರಂಗ ದಾಟ್ತೀನಿ. ಆಮ್ಯಾಕೆ ಬಸ್ಸಲ್ಲಿ ಏನ್ ಏಳ್ತೀರೋ ಏಳಿ."

ಹೆಂಡತಿ ನಾಗಲಕ್ಷ್ಮಿ ಅಡುಗೆಮನೆಯಿಂದ ತಲೆ ಹಾಕಿದಳು. ಟೀವಿ ತರಲು ಅವಳ ಅಡ್ಡಿಯಿರಲಿಲ್ಲ. ಹಳೆಯದರಲ್ಲಿ ಧಾರಾವಾಹಿಯ ಸೊಸೆಗೂ ಅತ್ತೆಗೂ ಒಂದೇ ಬಣ್ಣದ ಮುಖ ಕಾಣುತ್ತಿತ್ತು. "ಮೂವತ್ತೈದ್ ಸಾವ್ರದ ಮ್ಯಾಲೆ ಒಂದ್ ರೂಪಾಯಿ ಓಗ್ಬಾರ್ದು. ಬಾಬಾಸಾಹೇಬ್ರ ಫೋಟೋ ಅಲುಗಾಡ್ಸಂಗಿಲ್ಲ. ಅದ್ರ ಕೆಳ್ಗೆ ಎಷ್ಟ್ ಜಾಗ ಐತೋ ಅಷ್ಟೇ ಟೀವಿ," ಎಂದು ದಾರ ಹಿಡಿದು ಗೋಡೆ ಅಳೆದು, ಗಂಟು ಹಾಕಿ, ದಾರವನ್ನೇ ಗಂಡನ ಜೇಬಿಗೆ ತುರುಕಿದಳು. ಕವನಾಳಿಗೆ ಮರುದಿನ ಪರೀಕ್ಷೆ, ಬರುವಂತಿರಲಿಲ್ಲ. ಒಂದು ಚೀಟಿ ಬರೆದುಕೊಟ್ಟಳು: 'ಎಚ್‌ಡಿಆರ್ ಸ್ಟಿಕ್ಕರ್ ನೋಡಿ ಮರುಳಾಗಬೇಡ. ಬೆಳಕು ಎಷ್ಟು ಅಂತ ಕೇಳು. ಗೇಮ್ ಮೋಡ್ ಹಾಕಿಸು. ಜಗಳ ಆಡಬೇಡ.'

ಮಂಚಯ್ಯ ಗೇಮ್ ಪೆಟ್ಟಿಗೆಯನ್ನೇ ತರಕಾರಿ ಬ್ಯಾಗಿಗೆ ಹಾಕಿಕೊಂಡ. "ಓಡ್ಸಿ ನೋಡ್ದೆ ಗಾಡಿ ತಗಳೋನಲ್ಲ ನಾನು," ಎಂದ.

ಎದುರು ಮನೆಯ ದೇವರಾಜು ಗೂಡ್ಸ್ ಗಾಡಿ ಇಟ್ಟುಕೊಂಡಿದ್ದ. ಹಾಸನಕ್ಕೆ ಹೊರಟಿದ್ದ ಅವನು "ಬಾ ಮಂಚಣ್ಣ, ಬರ್ತಾ ಟೀವೀನೂ ಏರ್ಕಂಬರಾನ" ಎಂದ. ಯಾರೂ ಕರೆಯದಿದ್ದರೂ ಈಶ್ವರಯ್ಯ ಮೇಷ್ಟ್ರು ಪಂಚೆ ಬದಲಿಸಿ ಬಂದು ನಡುವೆ ತೂರಿಕೊಂಡರು. "ಈ ಅಂಗಡಿಯೋರು ಪರ್ಸೆಂಟೇಜು ಲೆಕ್ಕದಲ್ಲಿ ಮೋಸ ಮಾಡ್ತಾರೆ, ನಾನಿರ್ಬೇಕು," ಎಂಬುದು ಅವರ ಸಬೂಬು. ಮುಂದಿನ ಕ್ರಿಕೆಟ್ ಸರಣಿಯನ್ನು ಯಾರ ಮನೆಯಲ್ಲಿ ನೋಡುವುದೆಂದು ಅವರು ಆಗಲೇ ತೀರ್ಮಾನಿಸಿದ್ದರು.

"ಅದೇನಣ್ಣ ಎಚ್‌ಡಿಆರ್ ಅಂದ್ರೆ? ಆಸನ ಡಿಸ್ಟ್ರಿಕ್ಟ್ ರೋಡಾ?" ಎಂದ ದೇವರಾಜು ಗಾಡಿಯನ್ನು ಗುಂಡಿಗೆ ಇಳಿಸುತ್ತ.

"ರೋಡ್ ನೋಡ್ಕಂಡ್ ಓಡ್ಸ್ಲಾ ದೇವ! ಗುಂಡಿ ಅಷ್ಟ್ ದೂರ್ದಿಂದ್ಲೇ ಕಾಣಾಕಿಲ್ವ?"

"ಕಂಡ್ರೂ ಬೀಳ್ತವೆ ಕಣಣ್ಣ ಕೆಲವು."

ಮಂಚಯ್ಯನಿಗೆ ಆ ಮಾತು ತನಗೇ ಚುಚ್ಚಿದಂತಾಯಿತು. ಹಾಸನ ಬರುವವರೆಗೂ ಅವನ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಬಿ.ಎಂ. ರಸ್ತೆಯ ಆ ಅಂಗಡಿಯಲ್ಲಿ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಗಿಳಿ ರೆಕ್ಕೆ ಬಡಿಯುತ್ತಿತ್ತು, ಎಲ್ಲದರ ಮೇಲೂ ಡೆಮೊ ಎಂಬ ಪಟ್ಟಿ. ಭಾನುಪ್ರಿಯಾ ಎಂಬ ಹುಡುಗಿ ಎದುರು ಬಂದಳು. ದಂಡಿಗನಹಳ್ಳಿ ಕಡೆಯವಳು, ತಾಳ್ಮೆಯವಳು. ಆ ತಾಳ್ಮೆಗೆ ಅಂದು ಕಷ್ಟಕಾಲ ಬಂದಿತ್ತು.

"ಏನ್ ನೋಡ್ತೀರಾ ಸಾ?"

"ಗಿಳಿ ನೋಡಾಕ್ ಬಂದಿಲ್ಲ ಕಣವ್ವ. ಸುರಂಗ ನೋಡ್ಬೇಕು," ಎಂದ ಮಂಚಯ್ಯ ಬ್ಯಾಗಿನಿಂದ ಪೆಟ್ಟಿಗೆ ತೆಗೆದು ಕೌಂಟರಿನ ಮೇಲಿಟ್ಟ.

ಮೊದಲ ಟೀವಿ ಅಗ್ಗದ್ದು. ಅದರ ಮೂಲೆಯಲ್ಲಿ ಎಚ್‌ಡಿಆರ್ ಎಂಬ ಸ್ಟಿಕ್ಕರು ಮದುವೆಮನೆಯ ಬೋರ್ಡಿನಷ್ಟು ದೊಡ್ಡದಾಗಿತ್ತು. ಮಂಚಯ್ಯ ಕಂಟ್ರೋಲರ್ ಹಿಡಿದ. ಅವನ ಬಾಯಲ್ಲಿ ಅದರ ಹೆಸರು ಸ್ಟೇರಿಂಗು. ಕಾರು ಸುರಂಗಕ್ಕೆ ಹೊಕ್ಕಿತು. ಕತ್ತಲು. ಧಡ್!

"ಇದೇನವ್ವ? ಎಚ್‌ಡಿಆರ್ ಅಂತ ಬರ್ದೀರಾ, ಒಳ್ಗೆ ಮಸಿ ತುಂಬೀರಾ?"

"ಸಾ, ಇದು ಎಚ್‌ಡಿಆರ್ ಸಿಗ್ನಲ್ ತಗಳುತ್ತೆ ಅಷ್ಟೇ. ತೋರ್ಸೋಕೆ ಬೆಳಕು ಸಾಲಲ್ಲ," ಎಂದಳು ಭಾನುಪ್ರಿಯಾ, ಇದ್ದದ್ದು ಇದ್ದ ಹಾಗೆ.

"ಅಂದ್ರೆ ಬಸ್ ಮ್ಯಾಲೆ ಎಕ್ಸ್‌ಪ್ರೆಸ್ ಅಂತ ಬರ್ಕಂಡು ಎಲ್ಲಾ ಸ್ಟಾಪಲ್ಲೂ ನಿಲ್ಸ್ದಂಗೆ! ಇದು ಅನ್ಯಾಯ ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಈ ಅನ್ಯಾಯವನ್ನು ಗಮನಿಸಲಿಲ್ಲ. ಪಕ್ಕದ ಟೀವಿಯಲ್ಲಿ ಗಿಳಿ ಹೋಗಿ ಹುಲಿ ಬಂದಿತ್ತು.

ಎರಡನೆಯದರಲ್ಲಿ ಬೆಳಕಿಗೆ ಕೊರತೆಯಿರಲಿಲ್ಲ. ಬಣ್ಣ ಮಾತ್ರ ಹೋಳಿ ಆಡಿ ಬಂದಂತೆ, ರಸ್ತೆಯೇ ಗುಲಾಬಿ. ಧಡ್! ಮೂರನೆಯದು ಐವತ್ತೈದು ಇಂಚು. ದೇವರಾಜು ಅದಕ್ಕೆ ಮನಸೋತು "ಇದೇ ತಗಾ ಮಂಚಣ್ಣ, ಸೌಂಡು ಎದೆಗ್ ಗುದ್ತದೆ" ಎಂದ. ಮಂಚಯ್ಯ ಜೇಬಿನ ದಾರ ತೆಗೆದು ಹಿಡಿದ. ಟೀವಿ ದಾರ ದಾಟಿ ಆಚೆ ಒಂದು ಗೇಣು ಚಾಚಿಕೊಂಡಿತ್ತು. ಆದರೂ ನೋಡೋಣವೆಂದು ಓಡಿಸಿದ. ದೊಡ್ಡ ಟೀವಿಯಲ್ಲಿ ದೊಡ್ಡದಾಗಿಯೇ ಗುದ್ದಿದ.

ನಾಲ್ಕನೆಯದರಲ್ಲಿ ಗೋಡೆ ಕಂಡಿತು. ಕಂಡು, ತಿರುಗಿಸಿದ. ಕಾರು ತಿರುಗುವುದರೊಳಗೆ ಗೋಡೆ ಬಂದಿತ್ತು.

"ತಡ್ವಾಗ್ ತಿರುಗ್ತು! ನೀವೆಲ್ಲ ನೋಡುದ್ರಿ ತಾನೆ?" ಎಂದು ಅವನು ಸುತ್ತ ನಿಂತವರನ್ನು ಕೇಳಿದ. ಅಷ್ಟರಲ್ಲಿ ಸುತ್ತ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ಮಿಕ್ಸಿ ಕೊಳ್ಳಲು ಬಂದ ದಂಪತಿ ಮಿಕ್ಸಿ ಮರೆತು ನಿಂತಿದ್ದರು. ಬಾಗೂರಿನಿಂದ ಫ್ರಿಜ್ಜಿಗೆ ಬಂದಿದ್ದ ದೊಡ್ಡ ಸಂಸಾರ ಕುರ್ಚಿ ಹಾಕಿಸಿಕೊಂಡು ಕೂತಿತ್ತು. ಅದರಲ್ಲಿನ ಹಿರಿಯಮ್ಮ "ಪಾಪ, ಆವಯ್ಯಂಗೆ ಕಣ್ ಕಾಣಾಕಿಲ್ವೇನೋ" ಎಂದರು.

"ಕಣ್ಣು ನೆಟ್ಗವೆ ಕಣಜ್ಜಿ! ವರ್ಷ ವರ್ಷ ಸರ್ಟಿಫಿಕೇಟ್ ಕೊಡ್ತಾರೆ ನಂಗೆ! ಇಲ್ಲಿ ಟೀವಿಗೇ ಪೊರೆ ಬಂದೈತೆ!"

ಭಾನುಪ್ರಿಯಾ ಗೇಮ್ ಮೋಡ್ ಹಾಕಿಲ್ಲವೆಂದು ಹೇಳಲು ಹೋದಳು. ಅವನ ಮುಖ ನೋಡಿ, ತಾನೇ ಒಳಗಿನಿಂದ ಐದನೆಯದನ್ನು ತರಿಸಿದಳು. ನಲವತ್ಮೂರು ಇಂಚು, ಮೂವತ್ನಾಲ್ಕು ಸಾವಿರದ ಒಂಬೈನೂರು, ದಾರಕ್ಕೆ ಸರಿಯಾಗಿ ಕೂರುವಂಥದ್ದು. "ನಿಮ್ಮ ದುಡ್ಡಿಗೆ ಇದಕ್ಕಿಂತ ಒಳ್ಳೇದು ಇಲ್ಲ ಸಾ. ಬೆಳಕೂ ಐತೆ, ಗೇಮ್ ಮೋಡೂ ಐತೆ. ನಾನೇ ಎಲ್ಲಾ ಸರಿಮಾಡಿ ಕೊಡ್ತೀನಿ. ಅಲ್ಲೀಗಂಟ ಒಂದ್ ಕಾಫಿ ಕುಡೀರಿ."

ಮಂಚಯ್ಯ ಕಾಫಿ ಕುಡಿದ. ಕುಡಿಯುತ್ತ ದೇಶದ ಟೀವಿ ಕಂಪನಿಗಳನ್ನೆಲ್ಲ ಬೈದ. ಲೋಟ ಇಟ್ಟು ತಿರುಗಿ ನೋಡಿದರೆ ಆಟ ಆಗಲೇ ಶುರುವಾಗಿದೆ! ಕೆಂಪು ಕಾರು ರೊಯ್ಯೆಂದು ಓಡುತ್ತಿದೆ!

"ಏಯ್, ಯಾರವ್ವ ನನ್ ಕೇಳ್ದೆ ಗಾಡಿ ಬಿಟ್ಟೋರು?" ಎಂದು ಹಾರಿ ಬಂದು ಕಂಟ್ರೋಲರ್ ಕಿತ್ತುಕೊಂಡ.

"ಸಾ, ಅದು..."

"ಸುಮ್ಕಿರವ್ವ! ಬಸ್ಸಲ್ಲಿ ಬರ್ದಿರೋದು ನೋಡಿಲ್ವ? ಓಡ್ಸೋವಾಗ ಡ್ರೈವರ್ ಜತೆ ಮಾತಾಡ್ಬಾರ್ದು!"

ಭಾನುಪ್ರಿಯಾ ಎರಡು ಹೆಜ್ಜೆ ಹಿಂದೆ ಸರಿದಳು.

ಆಮೇಲೆ ನಡೆದದ್ದನ್ನು ಈಶ್ವರಯ್ಯ ಮೇಷ್ಟ್ರು ಕೂಡ ಕನ್ನಡಕ ಒರೆಸಿಕೊಂಡು ನೋಡಿದರು. ಕಾರು ಮೊದಲ ತಿರುವನ್ನು ಬೆಣ್ಣೆಯಲ್ಲಿ ಕೂದಲೆಳೆದಂತೆ ದಾಟಿತು. ಮಂಚಯ್ಯ ಎಡಕ್ಕೆ ವಾಲಿದ, ಕಾರು ಎಡಕ್ಕೆ ವಾಲಿತು. ಬಲಕ್ಕೆ ವಾಲಿದ, ಅದೂ ಬಲಕ್ಕೆ. ಸುರಂಗ ಬಂತು. ಒಳಗೆ ದೀಪಗಳು ಮುತ್ತಿನ ಸರದಂತೆ ಹೊಳೆಯುತ್ತಿದ್ದವು, ಗೋಡೆಯ ಮೇಲಿನ ಪಾಚಿ ಹಸಿರಾಗಿ ಕಾಣುತ್ತಿತ್ತು, ಕತ್ತಲು ಕತ್ತಲಾಗಿಯೇ ಇದ್ದು ದಾರಿ ದಾರಿಯಾಗಿಯೇ ಇತ್ತು. ಮಂಚಯ್ಯ ಉಸಿರು ಹಿಡಿದ. ಇಡೀ ಅಂಗಡಿ ಉಸಿರು ಹಿಡಿಯಿತು. ಕಾರು ಸುರಂಗದ ಆಚೆ ಬಾಯಿಂದ ಬಿಸಿಲಿಗೆ ಚಿಮ್ಮಿತು!

ಬಾಗೂರಿನ ಸಂಸಾರ ಚಪ್ಪಾಳೆ ತಟ್ಟಿತು. ದೇವರಾಜು ಸಿಳ್ಳೆ ಹಾಕಿದ. ಮಂಚಯ್ಯನ ಕಣ್ಣಂಚಿನಲ್ಲಿ ನೀರು. ಓಟ ಮುಗಿಯುತ್ತಲೇ ಕಂಟ್ರೋಲರನ್ನು ಬ್ಯಾಗಿಗಿಟ್ಟು, ಜನರ ಕಡೆ ತಿರುಗಿ ಭಾಷಣ ಮಾಡಿದ: "ನೋಡಿ ಸ್ವಾಮಿ, ಹದಿನೈದು ದಿನ ಒಂದ್ ಕೆಟ್ಟ ಟೀವಿ ಒಬ್ಬ ಮರ್ವಾದಸ್ತ ಡ್ರೈವರಿನ ಎಸ್ರು ಕೆಡುಸ್ತು. ಇದನ್ನ ಕೇಳೋರೇ ಇಲ್ವಾ? ಟೀವಿ ಅಂದ್ರೆ ಇದು ಕಣ್ರಪ್ಪ! ತಗಳಂಗಿದ್ರೆ ಇದನ್ನೇ ತಗಳಿ!"

ಬಿಲ್ಲು ಹಾಕುವಾಗ ಭಾನುಪ್ರಿಯಾ ಮತ್ತೆ ಬಂದಳು. "ಸಾ, ಒಂದ್ ಮಾತು..."

"ಗೊತ್ತು ಕಣವ್ವ. ಇನ್ನೆರಡು ವರ್ಷ ವಾರಂಟಿ ಜಾಸ್ತಿ ತಗಳಿ ಅಂತೀಯ. ಬ್ಯಾಡ. ಈ ಟೀವಿ ಮ್ಯಾಲೆ ನಂಗೆ ನಂಬ್ಕೆ ಬಂದೈತೆ."

ಕೌಂಟರಿನಲ್ಲಿ ಕೂತಿದ್ದ ಓನರು ಅವಳತ್ತ ನೋಡಿ ಕೆಮ್ಮಿದರು. ಅವಳು ರಸೀದಿ ಕೊಟ್ಟು ಹೋದಳು.

ಹಿಂದಿರುಗುವಾಗ ಮಂಚಯ್ಯ ಮುಂದೆ ಕೂರಲಿಲ್ಲ. ಟೀವಿಯನ್ನು ನಿಲ್ಲಿಸಿಯೇ ಒಯ್ಯಬೇಕೆಂದು ಅಂಗಡಿಯವರು ಹೇಳಿದ್ದರು. ಗಾಡಿಯ ಹಿಂದೆ ಡಬ್ಬಿಯನ್ನು ತಬ್ಬಿಕೊಂಡು, ಬಾಣಂತಿಯನ್ನು ಕರೆತರುವವನಂತೆ ಕೂತು ಬಂದ. ರಸ್ತೆಯ ಪ್ರತಿ ಹಂಪ್‌ಗೂ "ನಿಧಾನ ಕಣ್ಲಾ!" ಎಂದು ಕೂಗಿದ. ಮುಂದಿನ ಸೀಟಿನಿಂದ ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಬೀದಿಗೆಲ್ಲ ಸುದ್ದಿ ಬಿಟ್ಟರು: "ದಾಟ್ಬುಟ್ಟ ಕಣಯ್ಯ! ನಾನೇ ಕಣ್ಣಾರೆ ಕಂಡೆ!"

ಸಂಜೆ ಐದಕ್ಕೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಬಾಸಾಹೇಬರ ಫೋಟೋದ ಕೆಳಗೆ ಟೀವಿ ಅಚ್ಚುಕಟ್ಟಾಗಿ ಕೂತಿತು. ಅಷ್ಟರಲ್ಲಿ ಕವನಾ ಕಂಟ್ರೋಲರನ್ನು ಚಾರ್ಜಿಗೆ ಹಾಕಿ ತೆಗೆದು, ಟೀವಿಯ ಸೆಟ್ಟಿಂಗು ನೋಡಿ "ಪರ್ವಾಗಿಲ್ಲಪ್ಪ, ಒಳ್ಳೇದನ್ನೇ ತಂದಿದ್ದೀಯ" ಎಂದಳು. ನಾಗಲಕ್ಷ್ಮಿ ಎಲ್ಲರಿಗೂ ಮಂಡಕ್ಕಿ ಹಂಚಿದಳು. ಮಂಚಯ್ಯ ಡ್ಯೂಟಿಯ ಖಾಕಿ ಅಂಗಿಯನ್ನೇ ತೊಟ್ಟು ಬಂದು ಕೂತ.

"ಎಲ್ರೂ ಸರ್ಯಾಗಿ ನೋಡ್ಕಳಿ. ನಾಳೆ ಬಸ್ಸಲ್ಲಿ ಇದನ್ನ ಏಳ್ಬೇಕು," ಎಂದು ಮೇಷ್ಟ್ರ ಕಡೆ ನೋಡಿ ಗಾಡಿ ಬಿಟ್ಟ.

ಮೊದಲ ತಿರುವಿನಲ್ಲಿ ಕಾರು ಬೇಲಿ ಸವರಿತು. ಎರಡನೆಯದರಲ್ಲಿ ಒಂದು ಕಂಬ ಬಿತ್ತು. ಸುರಂಗ ಬಂತು. ಟೀವಿ ತನ್ನ ಕೆಲಸವನ್ನು ಒಂದಿಷ್ಟೂ ಕದಿಯದೆ ಮಾಡಿತು. ಗೋಡೆಯ ಒಂದೊಂದು ಇಟ್ಟಿಗೆಯೂ ಎಣಿಸುವಷ್ಟು ಚೆನ್ನಾಗಿ ಕಂಡಿತು. ಹಾಗೆ ಕಂಡ ಇಟ್ಟಿಗೆಗಳಿಗೇ ಹೋಗಿ ಮಂಚಯ್ಯ ಗುದ್ದಿದ. ಕಾರಿನ ಬಾಗಿಲು ಹಾರಿದ್ದು, ಗಾಜು ಚೂರಾದದ್ದು, ಒಂದು ಚಕ್ರ ಉರುಳಿಕೊಂಡು ಹೋಗಿ ಮೂಲೆಯಲ್ಲಿ ಸುತ್ತಿ ಮಲಗಿದ್ದು, ಎಲ್ಲವೂ ಕೊನೆಯ ಸಾಲಿನವರಿಗೂ ಸ್ಪಷ್ಟವಾಗಿ ಕಂಡಿತು.

"ಅಬ್ಬಾ, ಏನ್ ಕ್ಲಿಯರ್ ಐತೆ ಕಣ್ರೀ!" ಎಂದಳು ನಾಗಲಕ್ಷ್ಮಿ ಮನಸಾರೆ.

ಮತ್ತೆ ಬಿಟ್ಟ. ಮತ್ತೆ ಗುದ್ದಿದ. ಐದನೆಯ ಸಲಕ್ಕೆ ಮಂಚಯ್ಯ ಎದ್ದು ನಿಂತ. "ಮೋಸ! ಪೀಸ್ ಬದ್ಲಾಯ್ಸವ್ರೆ! ಅಂಗಡೀಲಿ ನಾನ್ ಓಡ್ಸಿದ್ದು ಈ ಟೀವಿ ಅಲ್ವೇ ಅಲ್ಲ! ಡಬ್ಬೀಲಿ ಬೇರೇದ್ ತುಂಬ್ಕೊಟ್ಟವ್ರೆ!"

"ಅಂಗೇ ಆಗಿರ್ಬೇಕು! ನಾನು ಕಣ್ಣಾರೆ ಕಂಡಿದೀನಿ," ಎಂದು ಮೇಷ್ಟ್ರೂ ಕೆರಳಿದರು. "ಫೋನ್ ಆಕು. ಸ್ಪೀಕರ್‌ಗೆ ಆಕು. ಎಲ್ರೂ ಸಾಕ್ಷಿ ಆಗ್ಲಿ!"

ರಸೀದಿಯ ಮೇಲಿದ್ದ ನಂಬರಿಗೆ ಹಚ್ಚಿದ. ಭಾನುಪ್ರಿಯಾಳೇ ಎತ್ತಿದಳು. ಮಂಚಯ್ಯ ಉಸಿರು ಬಿಡದೆ ಐದು ನಿಮಿಷ ಬೈದ. ಗ್ರಾಹಕರ ಕೋರ್ಟು, ಪೊಲೀಸ್ ಸ್ಟೇಷನ್ನು, ಪೇಪರಿನವರು ಯಾರನ್ನೂ ಬಿಡಲಿಲ್ಲ. ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಅವನಿಗೆ ಉಸಿರು ಕಟ್ಟಿದಾಗ ಮೆಲ್ಲಗೆ ಕೇಳಿದಳು:

"ಸಾ, ಈಗ ಗಾಡಿ ಓಡುಸ್ತಾ ಇಲ್ಲ ತಾನೆ? ಮಾತಾಡ್ಬೋದಾ?"

"ಮಾತಾಡು!"

"ಪೀಸು ಅದೇ ಸಾ. ನೀವ್ ಕಾಫಿ ಕುಡ್ಯೋವಾಗ ನಿಮ್ಮ ಸ್ಟೇರಿಂಗು ಚಾರ್ಜ್ ಇಲ್ದೆ ಆಫ್ ಆಗೋಯ್ತು. ಯಾರೂ ಒತ್ತಿಲ್ಲ ಅಂದ್ರೆ ಆ ಗೇಮು ತನ್ನಷ್ಟಕ್ ತಾನೇ ಓಡ್ಸಿ ತೋರುಸ್ತದೆ ಸಾ. ಮೂಲೇಲಿ ಡೆಮೊ ಅಂತ ಬತ್ತಾನೂ ಇತ್ತು. ಅದನ್ನೇ ಏಳಾಕ್ ಬಂದೆ, ನೀವ್ ಬಿಡ್ಲಿಲ್ಲ."

ಯಾರೋ ಮಂಡಕ್ಕಿ ಅಗಿಯುವುದು ಕೇಳಿಸುತ್ತಿತ್ತು.

"ಡೆಮೊ ಅಂತ ನಾನೂ ಓದ್ದೆ ಕಣಯ್ಯ," ಎಂದರು ಮೇಷ್ಟ್ರು ಕೆಳದನಿಯಲ್ಲಿ. "ಅಂಗಡಿ ಟೀವಿ ಎಲ್ಲದ್ರಲ್ಲೂ ಇತ್ತಲ್ಲ, ಅಂತಾದ್ದೇ ಅಂದ್ಕಂಡೆ."

ಮೊದಲು ನಕ್ಕವಳು ಕವನಾ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಸುಲಭ: ಮಂಚಯ್ಯ ನಗಲಿಲ್ಲ. ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದು, ಉಳಿದಿದ್ದ ಸಿಟ್ಟನ್ನೆಲ್ಲ ಒಟ್ಟು ಮಾಡಿ ಕೇಳಿದ: "ಅಂಗಾದ್ರೆ ಬಿಲ್ಲಾಕೋವಾಗಾದ್ರೂ ಏಳ್ಬೇಕಾಗಿತ್ತು ತಾನೆ ನೀನು? ಅಷ್ಟ್ ಜನದ ಮುಂದೆ ಕೈ ಕುಣುಸ್ಕಂಡು ಕೂತಿದ್ನಲ್ಲ ನಾನು! ನಿಮ್ ಓನರ್‌ಗೆ ಕೊಡವ್ವ ಫೋನು, ಇದನ್ನ ಕೇಳ್ತೀನಿ!"

"ಪಕ್ದಲ್ಲೇ ಅವ್ರೆ ಸಾ. ಅವ್ರೂ ನಿಮ್ಗೇ ಫೋನ್ ಮಾಡು ಅಂತಿದ್ರು," ಎಂದಳು ಭಾನುಪ್ರಿಯಾ. "ನೀವ್ ಓದ್ಮೇಲೆ ಅದೇ ಮಾಡೆಲ್ಲು ಆರು ಓಯ್ತು ಸಾ. ಬಾಗೂರಿನೋರು ಫ್ರಿಜ್ ಬಿಟ್ಟು ಅದನ್ನೇ ತಗಂಡ್ರು. ಬರೋ ಭಾನ್ವಾರನೂ ಬತ್ತೀರಾ ಅಂತ ಓನರ್ರು ಕೇಳ್ತಾವ್ರೆ. ಊಟ, ಬಸ್ ಚಾರ್ಜು ಕೊಡ್ತಾರಂತೆ."

ಪಕ್ಕದಲ್ಲಿ ಯಾರನ್ನೋ ಕೇಳಿ, ಮತ್ತೆ ಹೇಳಿದಳು:

"ಸ್ಟೇರಿಂಗಿಗೆ ಮಾತ್ರ ಚಾರ್ಜ್ ಆಕ್ಕಂಡ್ ಬರ್ಬೇಡಿ ಅಂದವ್ರೆ ಸಾ."